ಆಸ್ಕರ್ ಬಾರ್ನಾಕ್ ಮತ್ತು ಅವರ 105ನೇ ಕ್ಯಾಮೆರಾ

ಆಸ್ಕರ್ ಬಾರ್ನಾಕ್ ಅವರು ಜರ್ಮನಿಯ ಬ್ರಾಂಡೆನ್‌ಬರ್ಗ್ ಪ್ರಾಂತ್ಯದ ಲಿನೋವ್ ಎಂಬ ಹಳ್ಳಿಯಲ್ಲಿ 1879ರ ನವೆಂಬರ್ 1ರಂದು ಜನಿಸಿದರು. ಓದಿ ದೊಡ್ಡ ಪದವಿ ಪಡೆದವರಲ್ಲ, ಕೈಕೆಲಸ ಕಲಿತು ಮೇಲೆ ಬಂದ ಮೆಕ್ಯಾನಿಕ್. 1902ರಲ್ಲಿ ಯೆನಾದ ಝೈಸ್ ಕಂಪನಿ ಸೇರಿದರು. 1911ರಲ್ಲಿ ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಕಂಪನಿಗೆ ಬಂದರು. ಅದು ಸೂಕ್ಷ್ಮದರ್ಶಕಗಳಿಗೆ ಹೆಸರಾದ ಕಂಪನಿ.

ಅವರಿಗೆ ಫೋಟೋ ತೆಗೆಯುವ ಹುಚ್ಚು. ಜೊತೆಗೆ ಉಬ್ಬಸದ ಕಾಟ. ಆಗಿನ ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ, ಗಾಜಿನ ಫಲಕಗಳು, ಮೂರು ಕಾಲಿನ ಸ್ಟ್ಯಾಂಡು. ನಮ್ಮ ವಿಜಯಪುರದ ಕಟ್ಟಡಗಳ ಚಿತ್ರಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕಾಗಿ ಕರ್ನಲ್ ಬಿಗ್ಸ್, ಮೇಜರ್ ಲೋಕ್ ಫೋಟೋ ತೆಗೆದದ್ದೂ ಇಂಥದೇ ಭಾರದ ಸಾಮಾನಿನಿಂದ. ಅವರು ಅಧಿಕಾರಿಗಳು, ಹೊರುವವರು ಬೇರೆ ಇದ್ದಿರಬೇಕು. ಬಾರ್ನಾಕ್ ತಮ್ಮ ಹೊರೆಯನ್ನು ತಾವೇ ಹೊರಬೇಕಿತ್ತು.

ಸಿನಿಮಾಕ್ಕೆ ಬಳಸುವ 35 ಮಿ.ಮೀ. ಫಿಲ್ಮಿನ ಮೇಲೆ ಅವರ ಕಣ್ಣು ಬಿತ್ತು. ಅದನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಎರಡು ಚೌಕಟ್ಟುಗಳನ್ನು ಕೂಡಿಸಿ 24×36 ಮಿ.ಮೀ. ಅಳತೆಯ ಚಿತ್ರ ತೆಗೆದರು. ಚಿಕ್ಕ ನೆಗೆಟಿವ್ ತೆಗೆದು ಆಮೇಲೆ ದೊಡ್ಡದು ಮಾಡಿಕೊಳ್ಳುವುದು, ಇಷ್ಟೇ ಯುಕ್ತಿ. 1914ರ ಹೊತ್ತಿಗೆ ಅಂಗೈಯಲ್ಲಿ ಹಿಡಿಯುವ ಕ್ಯಾಮೆರಾ ಸಿದ್ಧವಾಗಿತ್ತು. ಅಷ್ಟರಲ್ಲಿ ಮಹಾಯುದ್ಧ ಬಂತು, ಕೆಲಸ ಹಿಂದೆ ಬಿತ್ತು.

1923ರಲ್ಲಿ ಪರೀಕ್ಷೆಗೆಂದು ಇಪ್ಪತ್ತು ಚಿಲ್ಲರೆ ಕ್ಯಾಮೆರಾಗಳನ್ನು ಮಾಡಿದರು. ಮಾರುಕಟ್ಟೆ ಅನುಮಾನದಲ್ಲಿತ್ತು, ದೇಶ ಆರ್ಥಿಕ ಸಂಕಟದಲ್ಲಿತ್ತು. ಆದರೂ ಮಾಲೀಕ ಎರಡನೆಯ ಅರ್ನ್ಸ್ಟ್ ಲೈಟ್ಸ್ 1924ರಲ್ಲಿ ತಯಾರಿಕೆಗೆ ಒಪ್ಪಿದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಬಾರ್ನಾಕರಷ್ಟೇ ದೊಡ್ಡವರು ಈ ಮಾಲೀಕರು. 1925ರ ಲೈಪ್ಜಿಗ್ ಜಾತ್ರೆಯಲ್ಲಿ ಲೈಕಾ ಜನರ ಮುಂದೆ ಬಂತು. ಮ್ಯಾಕ್ಸ್ ಬೆರೆಕ್ ಅವರು ಅದಕ್ಕೆ ಲೆನ್ಸ್ ರೂಪಿಸಿದ್ದರು. ಬಾರ್ನಾಕ್ 1936ರ ಜನವರಿ 16ರಂದು ತೀರಿಕೊಂಡರು.

ಆ ಪರೀಕ್ಷಾ ಕ್ಯಾಮೆರಾಗಳಲ್ಲಿ 105ನೇ ಸಂಖ್ಯೆಯದನ್ನು ಅವರು ಸ್ವತಃ ಬಳಸುತ್ತಿದ್ದರು, ಮೇಲೆ ಅವರ ಹೆಸರು ಕೆತ್ತಿದೆ. 2022ರ ಜೂನ್‌ನಲ್ಲಿ ವೆಟ್ಸ್ಲಾರ್‌ನಲ್ಲಿ ಅದು 144 ಲಕ್ಷ ಯೂರೋಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ. ಅದೇ ಸಾಲಿನ 122ನೆಯದು 2018ರಲ್ಲಿ 24 ಲಕ್ಷ ಯೂರೋಗೆ ಹೋಗಿತ್ತು. ಯಂತ್ರ ಒಂದೇ, ಹಿಡಿದ ಕೈ ಬೇರೆ.

ಇಂಥ ಸುದ್ದಿ ಓದಿ ಸೊಲ್ಲಾಪುರ ರಸ್ತೆಯಿಂದ ತಿಕೋಟಾ, ಬಬಲೇಶ್ವರದವರೆಗೆ ಮನೆಯ ಟ್ರಂಕು ತೆಗೆದು ನೋಡುವವರಿದ್ದಾರೆ. ಅಲ್ಲಿ ಸಿಗುವುದು ಹೆಚ್ಚಾಗಿ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್. ಮನೆಮನೆಗೆ ಹೋದ ವಸ್ತು, ಕೋಟಿ ತರುವುದಿಲ್ಲ. ಹಾಗೆಂದು ಗುಜರಿಗೂ ಹಾಕಬೇಡಿ. ಯಾರು ಕೊಂಡರು, ಯಾವ ವರ್ಷ ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನೆಗೆಟಿವ್‌ಗಳಿದ್ದರೆ ಶಾಲೆಗೆ ತನ್ನಿ. ಹಳೆಯ ತರಗತಿಗಳ ಗುಂಪುಚಿತ್ರಗಳು ನಮ್ಮಲ್ಲಿ ಪೂರ್ತಿ ಇಲ್ಲ.