ಸಂಕಲನವೆಂಬ ಸಂಘಟನೆ: ನಿರಂಜನರ ಬದುಕಿನ ಒಂದು ಎಳೆ

ಕನ್ನಡ ಸಾಹಿತ್ಯ ಚರಿತ್ರೆಗಳು ನಿರಂಜನರನ್ನು ಪ್ರಗತಿಶೀಲ ಚಳವಳಿಯ ಪ್ರಮುಖ ಕಾದಂಬರಿಕಾರರೆಂದು ಗುರುತಿಸುತ್ತವೆ. ಸಂಪಾದಕರಾಗಿ ಅವರು ಮಾಡಿದ ಕೆಲಸ ಮಾತ್ರ ಬಹುಮಟ್ಟಿಗೆ ಕೃತಿಪಟ್ಟಿಯ ಕೊನೆಯ ಸಾಲಾಗಿ ಉಳಿಯುತ್ತದೆ. ಅವರ ಬದುಕನ್ನು ಮೊದಲಿನಿಂದ ಗಮನಿಸಿದರೆ ಹೋರಾಟ, ಕಾದಂಬರಿ, ಸಂಪಾದನೆ ಈ ಮೂರೂ ಒಂದೇ ನಿಲುವಿನ ಮುಂದುವರಿಕೆಗಳೆಂಬುದು ಸ್ಪಷ್ಟವಾಗುತ್ತದೆ.

ಕುಳಕುಂದ ಶಿವರಾಯರೆಂಬ ಮೂಲ ಹೆಸರಿನ ನಿರಂಜನರು 1924ರಲ್ಲಿ ದಕ್ಷಿಣ ಕನ್ನಡದ ಸುಬ್ರಹ್ಮಣ್ಯದ ಸಮೀಪದ ಕುಳಕುಂದದಲ್ಲಿ ಹುಟ್ಟಿದರು. ಆ ಸೀಮೆಗೆ ಬಂಡಾಯದ ನೆನಪು ಹೊಸದಲ್ಲ. ಅಮರಸುಳ್ಯದ ಮಾಗಣೆಯನ್ನು ಕೊಡಗಿನಿಂದ ಬೇರ್ಪಡಿಸಿದ ಕಂಪನಿ ಸರಕಾರವು ಧಾನ್ಯರೂಪದ ಕಂದಾಯಕ್ಕೆ ಬದಲಾಗಿ ನಗದು ಕೇಳಿದುದು 1837ರ ದಂಗೆಗೆ ಒಂದು ಮುಖ್ಯ ಕಾರಣವಾಗಿತ್ತು. ಹಣದ ಆರ್ಥಿಕತೆ ರೈತನ ಅಂಗಳಕ್ಕೆ ಕಾಲಿಟ್ಟ ಈ ಘಟ್ಟವನ್ನು ಮುಂದೆ ‘ಕಲ್ಯಾಣಸ್ವಾಮಿ’ ಕಾದಂಬರಿಗಾಗಿ ನಿರಂಜನರು ಆರಿಸಿಕೊಂಡದ್ದು ಆಕಸ್ಮಿಕವಲ್ಲ.

ಅವರ ವಿದ್ಯಾಭ್ಯಾಸದ ಒಂದು ಘಟ್ಟ ನೀಲೇಶ್ವರದಲ್ಲಿ ನಡೆಯಿತು. ಅಂದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕಿನಲ್ಲಿ ಜನ್ಮಿಗಳ ಅಕ್ರಮ ವಸೂಲಿಯ ವಿರುದ್ಧ ರೈತ ಸಂಘಗಳು ಬೆಳೆಯುತ್ತಿದ್ದವು. ನೀಲೇಶ್ವರಕ್ಕೆ ಹತ್ತಿರದ ಕಯ್ಯೂರಿನಲ್ಲಿ 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ನಡುವೆ ಸಿಕ್ಕಿಕೊಂಡ ಒಬ್ಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತನು. ಈ ಪ್ರಕರಣದಲ್ಲಿ ಅಪ್ಪು, ಚಿರುಕಂಡ, ಕುಂಞಂಬು ನಾಯರ್ ಮತ್ತು ಅಬೂಬಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆಗ ನಿರಂಜನರು ಹದಿನೆಂಟರ ತರುಣ.

ಆ ವೇಳೆಗೆ ಅವರ ದಾರಿ ಪತ್ರಿಕೋದ್ಯಮದ ಕಡೆಗೆ ತಿರುಗಿತ್ತು. ಮಂಗಳೂರಿನ ‘ರಾಷ್ಟ್ರಬಂಧು’ವಿನಿಂದ ಕಮ್ಯುನಿಸ್ಟ್ ಪತ್ರಿಕೆ ‘ಜನಶಕ್ತಿ’ಯವರೆಗಿನ ಅನುಭವವು ಅವರಿಗೆ ಬರವಣಿಗೆಯನ್ನು ಸಾಮೂಹಿಕ ಶ್ರಮವಾಗಿ ಪರಿಚಯಿಸಿತು. ಸ್ವಾತಂತ್ರ್ಯಾನಂತರ ಕಮ್ಯುನಿಸ್ಟರ ಮೇಲೆ ದಮನ ನಡೆದ ವರ್ಷಗಳಲ್ಲಿ ಅವರು ಭೂಗತರಾಗಿ ಬದುಕಬೇಕಾಯಿತು. ಗಾರ್ಕಿಯ ‘ತಾಯಿ’ಯನ್ನು ಅವರು ಕನ್ನಡಕ್ಕೆ ತಂದರು. ಅನ್ಯಭಾಷೆಯ ಹೋರಾಟದ ಕಥನವು ಇಲ್ಲಿನ ಓದುಗನ ಅನುಭವಕ್ಕೆ ಕೂಡಿಕೊಳ್ಳಬಲ್ಲದೆಂಬ ನಂಬಿಕೆ ಈ ಅನುವಾದದ ಹಿಂದಿದೆ.

1955ರಲ್ಲಿ ಬಂದ ‘ಚಿರಸ್ಮರಣೆ’ ಕಯ್ಯೂರಿನ ಕಥನ. ಕೃತಿಯ ಕೇಂದ್ರದಲ್ಲಿರುವುದು ಏಕೈಕ ನಾಯಕನಲ್ಲ, ಸಂಘಟಿತವಾಗುತ್ತಿರುವ ಒಂದು ಊರು. ಮರುವರ್ಷ ಭಾಷಾವಾರು ಪ್ರಾಂತ ರಚನೆಯಲ್ಲಿ ಕಯ್ಯೂರು ಕೇರಳಕ್ಕೆ ಸೇರಿತು. ಮಲಯಾಳಕ್ಕೂ ಅನುವಾದಗೊಂಡ ಈ ಕಾದಂಬರಿ ಎರಡು ಭಾಷಿಕ ಸಮುದಾಯಗಳ ಹಂಚಿಕೊಂಡ ನೆನಪಾಗಿ ಉಳಿಯಿತು.

ಎಪ್ಪತ್ತರ ದಶಕದಲ್ಲಿ ಪಾರ್ಶ್ವವಾಯು ಅವರ ದೇಹವನ್ನು ಬಾಧಿಸಿತು. ಅಲೆದಾಟ, ಸಭೆ, ಸಂಘಟನೆಗಳಿಂದ ರೂಪುಗೊಂಡ ವ್ಯಕ್ತಿಗೆ ಇದು ಬದುಕಿನ ನೆಲೆಯನ್ನೇ ಪ್ರಶ್ನಿಸಿದ ಸಂಕಟ. ವೈದ್ಯೆಯೂ ಲೇಖಕಿಯೂ ಆಗಿದ್ದ ಪತ್ನಿ ಅನುಪಮಾ ಅವರ ಆಸರೆ ಈ ಅವಧಿಯಲ್ಲಿ ದೊಡ್ಡದು. ಪ್ರಾಚೀನ ಈಜಿಪ್ಟಿನ ರೈತ ಬಂಡಾಯವನ್ನು ನಿರೂಪಿಸುವ ‘ಮೃತ್ಯುಂಜಯ’ ಈ ದಶಕದ ಕೃತಿ. ಕಿರಿಯರಿಗಾಗಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯನ್ನು ಸಂಪಾದಿಸಿದ ಅವರು, ಎಂಬತ್ತರ ದಶಕದ ಆರಂಭದಲ್ಲಿ ನವಕರ್ನಾಟಕ ಪ್ರಕಾಶನಕ್ಕಾಗಿ 25 ಸಂಪುಟಗಳ ‘ವಿಶ್ವಕಥಾಕೋಶ’ವನ್ನು ರೂಪಿಸಿದರು.

ಈ ಕೋಶದ ವಿನ್ಯಾಸವೇ ಒಂದು ವಿಚಾರವನ್ನು ಮಂಡಿಸುತ್ತದೆ. ಕನ್ನಡಕ್ಕೆ ಜಗತ್ತಿನ ಸಾಹಿತ್ಯವೆಂದರೆ ಬಹುಕಾಲ ಇಂಗ್ಲೆಂಡು ಮತ್ತು ಪಶ್ಚಿಮ ಯುರೋಪು. ಇಲ್ಲಿ ‘ಆಫ್ರಿಕದ ಹಾಡು’ ಒಂದು ಪ್ರತ್ಯೇಕ ಸಂಪುಟ. ವಸಾಹತುಶಾಹಿಯಿಂದ ಬಿಡಿಸಿಕೊಂಡ ನಾಡುಗಳ ಕಥೆಗಳು ಯುರೋಪಿನ ಕಥೆಗಳ ಪಕ್ಕದಲ್ಲಿ ಸಮಾನ ಸ್ಥಾನ ಪಡೆಯುತ್ತವೆ. ಪುಣ್ಯಕೋಟಿಯ ಕಥನಗೀತವನ್ನು ನೆನಪಿಸುವ ‘ಧರಣಿಮಂಡಲ ಮಧ್ಯದೊಳಗೆ’ ಎಂಬ ಹೆಸರನ್ನು ಮೊದಲ ಸಂಪುಟಕ್ಕೆ ಇಟ್ಟುದರಿಂದ, ಕನ್ನಡದ ಓದುಗ ತನ್ನ ದೊಡ್ಡಿಯಿಂದಲೇ ಲೋಕಕ್ಕೆ ಹೊರಡುತ್ತಾನೆ. ಹಲವು ಅನುವಾದಕರ ಶ್ರಮವನ್ನು ಒಂದು ಯೋಜನೆಗೆ ಒಗ್ಗೂಡಿಸಿದ ಈ ಕಾರ್ಯದಲ್ಲಿ ಹಳೆಯ ಸಂಘಟಕನೇ ಕಾಣುತ್ತಾನೆ. ದೇಹ ಹೊರಗಿನ ಓಡಾಟವನ್ನು ತಡೆದಾಗ ಸಂಘಟನೆಯು ಪುಸ್ತಕದ ರೂಪ ಪಡೆಯಿತು.

ನಿರಂಜನರಲ್ಲಿ ಸಿದ್ಧಾಂತವು ಅನುಭವಕ್ಕಿಂತ ಮುಂದೆ ಸಾಗುತ್ತದೆಂಬುದು ನವ್ಯ ವಿಮರ್ಶೆಯ ಆಕ್ಷೇಪ. ಅವರ ಕೆಲವು ಕಾದಂಬರಿಗಳ ಮಟ್ಟಿಗೆ ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಕೃತಿಯ ಏಕಾಂತ ಅನನ್ಯತೆಯನ್ನೇ ಮಾನದಂಡವಾಗಿಸಿಕೊಂಡ ಆ ವಿಮರ್ಶೆಗೆ ಸಂಪಾದನೆಯನ್ನು ಅಳೆಯುವ ಪರಿಕರವಿರಲಿಲ್ಲ. ಸಂಕಲನದಲ್ಲಿ ಲೇಖಕನ ದನಿ ಹಿಂದೆ ಸರಿದು ಇತರರ ದನಿಗಳಿಗೆ ಎಡೆ ಮಾಡಿಕೊಡುತ್ತದೆ. ಸಾಹಿತ್ಯವನ್ನು ಖಾಸಗಿ ಸ್ವತ್ತಾಗಿ ಕಾಣುವ ಮನೋಧರ್ಮಕ್ಕೆ ಇದಕ್ಕಿಂತ ಗಟ್ಟಿಯಾದ ಪ್ರತಿರೋಧ ಅವರ ಕಾದಂಬರಿಗಳಲ್ಲಿಯೂ ವಿರಳ.

ಅನುಪಮಾ ಅವರು 1991ರಲ್ಲಿ ತೀರಿಕೊಂಡರು. ಹೆಚ್ಚು ಕಾಲ ಕಳೆಯುವ ಮೊದಲೇ ನಿರಂಜನರ ಬದುಕೂ ಮುಗಿಯಿತು. ಸೋವಿಯತ್ ಒಕ್ಕೂಟ ಕುಸಿದು, ಭಾರತ ಉದಾರೀಕರಣದ ಹಾದಿ ಹಿಡಿದ ಕಾಲವದು. ಅವರು ನಂಬಿದ್ದ ರಾಜಕೀಯ ವ್ಯವಸ್ಥೆ ಕಣ್ಮರೆಯಾದರೂ, ಅದೇ ನಂಬಿಕೆಯಿಂದ ಕಟ್ಟಿದ ಕಥಾಕೋಶ ಓದುಗರಿಗೆ ಉಳಿಯಿತು. ಪ್ರಗತಿಶೀಲ ಚಳವಳಿಯ ಮರುಮೌಲ್ಯಮಾಪನಕ್ಕೆ ಕಾದಂಬರಿಗಳ ಜೊತೆಗೆ ಈ ಸಂಪುಟಗಳೂ ಆಕರವಾಗಬೇಕಾಗಿವೆ.