ಒಡಲಿನ ಭರವಸೆ: ಹರ್ಮನ್ ಮೊಗ್ಲಿಂಗರ ಬದುಕಿನ ಒಂದು ಓದು

ಹರ್ಮನ್ ಮೊಗ್ಲಿಂಗರ (1811–1881) ಹೆಸರು ಕನ್ನಡ ವಿದ್ವತ್ತಿನಲ್ಲಿ ಮುಖ್ಯವಾಗಿ ಎರಡು ಕಾರಣಗಳಿಗಾಗಿ ಉಳಿದಿದೆ. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ ಪತ್ರಿಕೆ ಒಂದು. 1848ರಿಂದ 1853ರ ನಡುವೆ ಪ್ರಕಟವಾದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಗ್ರಂಥಮಾಲೆ ಇನ್ನೊಂದು. ಇವೆರಡನ್ನೂ ಕನ್ನಡ ಸೇವೆಯೆಂದು ಕೊಂಡಾಡುವ ನಾವು ಅವರ ಧರ್ಮಶ್ರದ್ಧೆಯನ್ನು ಮಾತ್ರ ಮತಪ್ರಚಾರವೆಂಬ ಒಂದೇ ಮಾತಿನಲ್ಲಿ ಬದಿಗಿರಿಸುತ್ತ ಬಂದಿದ್ದೇವೆ. ಪ್ರಚಾರಕ್ಕೆ ಬಂದವರು ಏನನ್ನು ನಂಬಿದ್ದರು ಎಂಬ ಪ್ರಶ್ನೆ ಇದರಿಂದಾಗಿ ಹಿಂದೆ ಸರಿದಿದೆ. ಅವರು ಬೆಳೆದ ಸಂಪ್ರದಾಯದ ನಡುಗಂಬ ಆತ್ಮದ ಅಮರತ್ವವಲ್ಲ. ಸತ್ತವರು ಶರೀರಸಹಿತರಾಗಿ ಎದ್ದು ನವೀಕೃತವಾದ ಭೂಮಿಯಲ್ಲಿ ಬಾಳುವರೆಂಬ ನಿರೀಕ್ಷೆ. ಅದನ್ನು ಎದುರಿಗಿಟ್ಟುಕೊಂಡು ಅವರ ಬದುಕನ್ನು ನೋಡುವುದು ಈ ಲೇಖನದ ಉದ್ದೇಶ.

ಮೊಗ್ಲಿಂಗರು ಹುಟ್ಟಿದ್ದು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ. ಅದು ಪಯಟಿಸ್ಟ್ ಭಕ್ತಿಪಂಥ ಆಳವಾಗಿ ಬೇರುಬಿಟ್ಟಿದ್ದ ನೆಲ. ಆ ಪಂಥದ ಚಿಂತಕ ಎಟಿಂಗರ್ ಹದಿನೆಂಟನೆಯ ಶತಮಾನದಲ್ಲಿಯೇ ದೈವಕಾರ್ಯದ ಕೊನೆಯ ನಿಲುಗಡೆ ಶರೀರವೇ ಎಂದು ವಾದಿಸಿದ್ದ. ಅದೇ ಪಂಥದ ವಿದ್ವಾಂಸ ಬೆಂಗೆಲ್ ಬೈಬಲಿನ ಅಂಕಿಗಳನ್ನು ಗುಣಿಸಿ, ಕ್ರಿಸ್ತನ ಸಹಸ್ರವರ್ಷದ ಆಳ್ವಿಕೆ 1836ರಲ್ಲಿ ತೊಡಗುವುದೆಂದು ಲೆಕ್ಕ ಹಾಕಿದ್ದ. ಮೊಗ್ಲಿಂಗರು ದೈವಶಾಸ್ತ್ರ ಓದಿದ ಟ್ಯೂಬಿಂಗೆನ್‌ನಲ್ಲಿಯಾದರೋ ಗಾಳಿ ಬೇರೆ ದಿಕ್ಕಿನಿಂದ ಬೀಸುತ್ತಿತ್ತು. 1832ರಿಂದ ಅಲ್ಲಿ ಬೋಧಕನಾಗಿದ್ದ ಡೇವಿಡ್ ಸ್ಟ್ರೌಸ್, 1835ರಲ್ಲಿ ಪ್ರಕಟಿಸಿದ ಯೇಸುಚರಿತ್ರೆಯಲ್ಲಿ ಪುನರುತ್ಥಾನವನ್ನು ಚಾರಿತ್ರಿಕ ಘಟನೆಯೆಂದು ಒಪ್ಪದೆ ಪುರಾಣಕಲ್ಪನೆಯ ಸಾಲಿಗೆ ಸೇರಿಸಿದ. ಯೂರೋಪಿನ ದೈವಶಾಸ್ತ್ರವನ್ನು ನಡುಗಿಸಿದ ಗ್ರಂಥವದು. ಹೀಗೆ ಒಂದು ಕಡೆ ಎಣಿಕೆಯ ವರ್ಷಕ್ಕಾಗಿ ಕಾಯುವ ಹಳ್ಳಿಯ ಭಕ್ತರು, ಇನ್ನೊಂದು ಕಡೆ ಖಾಲಿ ಸಮಾಧಿಯ ಕತೆಯನ್ನೇ ಶಂಕಿಸುವ ವಿಶ್ವವಿದ್ಯಾಲಯ. ಬೆಂಗೆಲ್ ಹೇಳಿದ 1836 ಸದ್ದಿಲ್ಲದೆ ಕಳೆಯಿತು. ಆ ವರ್ಷದ ಕೊನೆಗೆ ಮೊಗ್ಲಿಂಗರು ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದಿಳಿದರು.

ಮಂಗಳೂರಿನ ವರ್ಷಗಳ ವಿವರ ಸಾಕಷ್ಟು ಪರಿಚಿತ. ಕಲ್ಲಚ್ಚಿನ ಪತ್ರಿಕೆ, 1844ರಲ್ಲಿ ಅದು ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೆ ಹೋದದ್ದು, ಅದೇ ವರ್ಷ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರು ದೀಕ್ಷೆ ಪಡೆದಾಗ ಊರಿನಲ್ಲೆದ್ದ ಗಲಭೆ, ಇವೆಲ್ಲವನ್ನೂ ಹಿಂದಿನ ಸಂಶೋಧಕರು ದಾಖಲಿಸಿದ್ದಾರೆ.

ಪ್ರಸ್ತುತ ವಿಷಯಕ್ಕೆ ಹೆಚ್ಚು ಸಲ್ಲುವುದು ಭಾಷೆಯ ಪ್ರಶ್ನೆ. ಕನ್ನಡ ಬೈಬಲು ಈ ನಿರೀಕ್ಷೆಗೆ ‘ಪುನರುತ್ಥಾನ’ ಎಂಬ ಸಂಸ್ಕೃತ ಪದವನ್ನು ಬಳಸಿತು. ಕನ್ನಡ ಕಿವಿಗೆ ಇದು ‘ಪುನರ್ಜನ್ಮ’ದ ಒಡಹುಟ್ಟಿನಂತೆ ಕೇಳುತ್ತದೆ. ಅರ್ಥದಲ್ಲಿಯಾದರೋ ಎರಡೂ ವಿರುದ್ಧ ಧ್ರುವಗಳು. ಜನ್ಮಾಂತರದಲ್ಲಿ ಜೀವ ಅದೇ, ಒಡಲು ಬೇರೆ. ಪುನರುತ್ಥಾನದಲ್ಲಿ ಹೂಳಲ್ಪಟ್ಟ ಒಡಲೇ ಅಳಿವಿಲ್ಲದ್ದಾಗಿ ಏಳಬೇಕು. ಮೊದಲನೆಯದರಲ್ಲಿ ಮತ್ತೆ ಮೈ ತಳೆಯುವುದು ಬಂಧನ, ಎರಡನೆಯದರಲ್ಲಿ ಅದೇ ಬಿಡುಗಡೆ. ‘ಎದ್ದೇಳು’ ಎಂಬ ಅಚ್ಚಗನ್ನಡ ಕ್ರಿಯಾಪದ ನಿದ್ದೆ ತಿಳಿದೇಳುವುದಕ್ಕೂ ಸಲ್ಲುವುದರಿಂದ, ನನ್ನ ದೃಷ್ಟಿಯಲ್ಲಿ, ಆ ಶಾಸ್ತ್ರಪದಕ್ಕಿಂತ ಹೆಚ್ಚು ನಿಖರ.

ಆದರೆ ಶರೀರಸಹಿತವಾದ ಗತಿಯ ಕಲ್ಪನೆ ಕನ್ನಡಕ್ಕೆ ಹೊಸದೆಂದು ಭಾವಿಸಬೇಕಾಗಿಲ್ಲ. ಮೊಗ್ಲಿಂಗರೇ ಕ್ಯಾಸಮೇಜರನ ಧನಸಹಾಯದಿಂದ ಅಚ್ಚುಹಾಕಿಸಿದ ಮಾಲೆಯಲ್ಲಿ ‘ಜೈಮಿನಿ ಭಾರತ’ವಿದೆ, ಅದರಲ್ಲಿ ಬಭ್ರುವಾಹನನಿಂದ ಹತನಾದ ಅರ್ಜುನ ಮರಳಿ ಜೀವ ಪಡೆಯುತ್ತಾನೆ. ‘ಬಸವಪುರಾಣ’ವಿದೆ, ಆ ಪರಂಪರೆಯ ಸಿರಿಯಾಳನ ಕತೆಯಲ್ಲಿ ಅಡಿಗೆಯಾಗಿಹೋದ ಮಗ ಕರೆದೊಡನೆ ಓಡಿಬರುತ್ತಾನೆ. ಸಶರೀರ ಕೈಲಾಸವೆಂಬ ಮಾತು ಪುರಾಣಪರಿಚಯವಿರುವ ಯಾವ ಕನ್ನಡಿಗನಿಗೂ ಗೊತ್ತು. ಆ ಪುರಾಣದ ಕಲ್ಯಾಣಕ್ಕೆ ದೂರವಲ್ಲದ ನಮ್ಮ ಚಿಂಚೋಳಿ–ಸುಲೇಪೇಟ ಸೀಮೆಯಲ್ಲಿ ಲಿಂಗಾಯತರು ಶವವನ್ನು ಸುಡುವುದಿಲ್ಲ, ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಕ್ರೈಸ್ತರೂ ಮಣ್ಣಿಗೇ ಒಪ್ಪಿಸುತ್ತಾರೆ. ಆಚಾರ ಹತ್ತಿರದ್ದು, ನಿರೀಕ್ಷೆ ಬೇರೆ: ಅಲ್ಲಿ ಐಕ್ಯ, ಇಲ್ಲಿ ಕಾಯುವಿಕೆ. ಪುರಾಣದ ಶರಣನು ಭಕ್ತಿಬಲದಿಂದ ಮೈಯೊಡನೆ ಈ ಲೋಕವನ್ನು ಬಿಟ್ಟು ಮೇಲೇರುತ್ತಾನೆ. ಕ್ರೈಸ್ತ ನಿರೀಕ್ಷೆಯಲ್ಲಿ ಎಲ್ಲ ಸತ್ತವರೂ ನೆಲದಿಂದ ಮೇಲೇಳುತ್ತಾರೆ, ನೆಲವೂ ಹೊಸದಾಗುತ್ತದೆ.

ಈ ಚರ್ಚೆ ಮೊಗ್ಲಿಂಗರಿಗೆ ಬರಿಯ ತರ್ಕವಾಗಿ ಉಳಿಯಲಿಲ್ಲ. ಅವರ ಸೋದರಸಂಬಂಧಿಯೂ ಸಹೋದ್ಯೋಗಿಯೂ ಆಗಿ, ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ತೊಡಗಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ವೈಗ್ಲೆಯವರ ವಿಧವೆ ಪೌಲೀನರನ್ನು ಮೊಗ್ಲಿಂಗರು ಬಳಿಕ ಮದುವೆಯಾದರು. ಸತ್ತವನ ಮಕ್ಕಳಿಗೆ ತಂದೆಯಾದರು. ಸುವಾರ್ತೆಗಳಲ್ಲಿ ಪುನರುತ್ಥಾನವನ್ನು ನಂಬದ ಸದ್ದುಕಾಯರು ಯೇಸುವಿನ ಮುಂದಿಡುವ ಒಗಟು ಇಂಥದ್ದೇ: ಸತ್ತವನ ಹೆಂಡತಿಯನ್ನು ಒಬ್ಬರಾದ ಮೇಲೊಬ್ಬರಂತೆ ಏಳು ಮಂದಿ ಸೋದರರು ವರಿಸಿದರೆ, ಎಲ್ಲರೂ ಎದ್ದ ದಿನ ಆಕೆ ಯಾರ ಹೆಂಡತಿ? ಎದ್ದವರಲ್ಲಿ ಮದುವೆಯೆಂಬುದಿಲ್ಲ ಎಂಬುದು ಅಲ್ಲಿಯ ಉತ್ತರ. ಮೊಗ್ಲಿಂಗರ ಮನೆಯಲ್ಲಿ ಈ ಪ್ರಸಂಗವನ್ನು ಓದುವಾಗ ಅದು ಒಗಟಾಗಿ ಮಾತ್ರ ಕೇಳಿಸಿರಲಾರದು.

ಇಷ್ಟರಲ್ಲಿ ಅವರು ಕೊಡಗಿಗೆ ನೆಲೆ ಬದಲಿಸಿದ್ದರು. 1853ರಲ್ಲಿ ಅಲ್ಮಂಡ ಸೋಮಯ್ಯ ಎಂಬ ಕೊಡವರು ದೀಕ್ಷೆ ಪಡೆದದ್ದು ಇದಕ್ಕೆ ನಿಮಿತ್ತ. 1855ರಲ್ಲಿ ಕೊಡಗಿನ ಕುರಿತ ಅವರ ಇಂಗ್ಲಿಷ್ ಗ್ರಂಥ ಹೊರಬಂತು. ಅದಕ್ಕಿಂತ ಮುಖ್ಯವಾದದ್ದು ಆನಂದಪುರ. ಕಂಪನಿ ಸರ್ಕಾರದ 1843ರ ಐದನೆಯ ಕಾನೂನು ಗುಲಾಮಗಿರಿಗೆ ಮಾನ್ಯತೆಯನ್ನು ತೆಗೆದಿತ್ತು. ಆದರೂ ಕೊಡಗಿನ ಅಸ್ಪೃಶ್ಯ ಜೀತದಾಳುಗಳ ದುಡಿಮೆ ಜಮೀನಿಗೂ ಒಡೆಯನಿಗೂ ಕಟ್ಟುಬಿದ್ದೇ ಇತ್ತು. ಇಂಥವರಿಗಾಗಿ ಮೊಗ್ಲಿಂಗರು ಭೂಮಿ ಸಂಪಾದಿಸಿ, ಕಾಡು ಕಡಿಸಿ, ಕಾಫಿ ಹಾಕಿಸಿ ಕಟ್ಟಿಸಿದ ಊರು ಅದು. ತನ್ನ ಮೈಯೇ ತನ್ನದಲ್ಲದ ಮನುಷ್ಯನಿಗೆ ಆತ್ಮೋದ್ಧಾರವಷ್ಟನ್ನೇ ಸಾರುವುದು ಸುಲಭವಿತ್ತು. ಆ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ. ಶರೀರಕ್ಕೆ ಕೊನೆಯಲ್ಲೂ ಬೆಲೆಯಿದೆ ಎಂದು ನಂಬಿದವನು ಅದರ ಇಂದಿನ ಹಸಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಹಾಗೆಂದು ಈ ಪ್ರಯೋಗವನ್ನು ನಿಷ್ಕಳಂಕವೆನ್ನಲಾಗದು. ಒಡೆಯನ ಜಾಗದಲ್ಲಿ ಮಿಷನ್ನು ನಿಂತಿತು, ನೆಲೆಯ ಜತೆಗೆ ದೀಕ್ಷೆಯ ನಿರೀಕ್ಷೆಯೂ ಬಂತು. ವಸಾಹತುಶಾಹಿ ತೋಟಗಾರಿಕೆಯ ಚರಿತ್ರೆಯಿಂದ ಆನಂದಪುರವನ್ನು ಬಿಡಿಸಿ ನೋಡುವುದೂ ಸಾಧ್ಯವಿಲ್ಲ. ಆದರೆ ಅದನ್ನು ಬರಿಯ ಮತಾಂತರದ ಉಪಾಯವೆನ್ನುವವರು, ಅಲ್ಲಿ ಒಕ್ಕಲಾದವರಿಗೆ ಕಾಲಿಡಲು ನೆಲ ದೊರೆತದ್ದನ್ನು ಮರೆಯುತ್ತಾರೆ.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರಿಗೆ ಮನ್ನಣೆ ಸಂದದ್ದು ಸ್ಟ್ರೌಸ್ ಬೋಧಿಸಿದ್ದ ಊರಿನಿಂದಲೇ, ಅದೂ ದೈವಶಾಸ್ತ್ರಕ್ಕಲ್ಲ, ಕನ್ನಡದ ಕೆಲಸಕ್ಕೆ. ಪೌಲೀನರ ಅನಾರೋಗ್ಯದಿಂದಾಗಿ 1860ರಲ್ಲಿ ಸಂಸಾರ ಜರ್ಮನಿಗೆ ಮರಳಿತು. ಆನಂದಪುರದ ಹೊಣೆಯನ್ನು ಮುಂದೆ ಕೌಂಡಿನ್ಯರು ಹೊತ್ತರು. ಮೊಗ್ಲಿಂಗರು ಸ್ವದೇಶದಲ್ಲಿ ಕನ್ನಡವನ್ನು ಬಿಡದೆ ಕೆಲವು ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ತಂದರು. ಒಡಲು ನೀರಮೇಲಿನ ಗುಳ್ಳೆಯೆಂದು ಮರುಗುವ ಪರಂಪರೆಯ ಪದಗಳಿಗೆ, ಒಡಲು ಮತ್ತೆ ಏಳುವುದೆಂದು ನಂಬಿದವರೊಬ್ಬರು ಜರ್ಮನ್ ಮಾತು ಹುಡುಕುತ್ತಿದ್ದರು. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ಅವರು ತೀರಿಕೊಂಡರು.