ಕೋಟ ಶಿವರಾಮ ಕಾರಂತ

ಕೋಟ ಶಿವರಾಮ ಕಾರಂತ (10 ಅಕ್ಟೋಬರ್ 1902 – 9 ಡಿಸೆಂಬರ್ 1997) ಕನ್ನಡದ ಕಾದಂಬರಿಕಾರರು, ಯಕ್ಷಗಾನ ಸಂಶೋಧಕರು ಹಾಗೂ ಪರಿಸರ ಹೋರಾಟಗಾರರು. ವಿಜ್ಞಾನ ವಿಷಯಗಳನ್ನು ಶಾಲಾ ಮಕ್ಕಳಿಗೂ ಸಾಮಾನ್ಯ ಓದುಗರಿಗೂ ಕನ್ನಡದಲ್ಲಿ ತಲುಪಿಸಿದವರಲ್ಲಿ ಅವರು ಪ್ರಮುಖರು. ಈ ಕೆಲಸದ ಹೆಚ್ಚಿನ ಭಾಗವನ್ನು ಅವರು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನಲ್ಲಿದ್ದು ಮಾಡಿದರು.

ಜನನ ಮತ್ತು ವಿದ್ಯಾಭ್ಯಾಸ

ಕಾರಂತರು ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಕುಂದಾಪುರದಲ್ಲಿ ಪ್ರೌಢಶಾಲಾ ಶಿಕ್ಷಣ ಮುಗಿಸಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಸೇರಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ಅರ್ಧದಲ್ಲೇ ತೊರೆದರು. ಅವರಿಗೆ ವಿಜ್ಞಾನದ ಪದವಿ ಇರಲಿಲ್ಲ. ಮುಂದಿನ ಕಲಿಕೆಯೆಲ್ಲ ಸ್ವಂತ ಓದು, ತಿರುಗಾಟ ಮತ್ತು ಅವಲೋಕನದಿಂದ ಬಂದದ್ದು.

ಪುತ್ತೂರು ಮತ್ತು ಬಾಲವನ

ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಒಡನಾಟದಿಂದ ಕಾರಂತರಿಗೆ ಪುತ್ತೂರಿನ ನಂಟು ಬೆಳೆಯಿತು. ಅಲ್ಲಿ ಶಾಲಾ ಮಕ್ಕಳನ್ನು ಸೇರಿಸಿ ನಾಟಕ, ನೃತ್ಯಗಳನ್ನು ಆಡಿಸಿದರು. 1930ರ ದಶಕದಲ್ಲಿ ಪರ್ಲಡ್ಕದ ಗುಡ್ಡದ ಮೇಲೆ ಬಾಲವನವನ್ನು ಕಟ್ಟಿ, ಮಕ್ಕಳ ಶಿಕ್ಷಣದಲ್ಲಿ ಪ್ರಯೋಗಕ್ಕೆ ತೊಡಗಿದರು. ಬಾಯಿಪಾಠ ಮತ್ತು ಪರೀಕ್ಷೆಯ ಒತ್ತಡಕ್ಕಿಂತ ನೋಡುವುದು, ಮಾಡುವುದು, ಆಡುವುದರ ಮೂಲಕವೇ ಮಗು ಚೆನ್ನಾಗಿ ಕಲಿಯುತ್ತದೆ ಎಂಬುದು ಅವರ ನಿಲುವಾಗಿತ್ತು. ಅಲ್ಲಿನ ಶಾಲೆ ಬಹುಕಾಲ ನಡೆಯಲಿಲ್ಲ. ಆದರೆ ಆ ನಿಲುವು ಅವರ ಪುಸ್ತಕಗಳಲ್ಲಿ ಮುಂದುವರಿಯಿತು.

ಆಗ ಇಂದಿನ ಸುಳ್ಯ ತಾಲೂಕು ಪುತ್ತೂರು ತಾಲೂಕಿನೊಳಗೇ ಇತ್ತು. ಪುತ್ತೂರಿನಿಂದ ಜಾಲ್ಸೂರು, ಸುಳ್ಯಗಳ ಕಡೆಗೂ ಸುಬ್ರಹ್ಮಣ್ಯದ ಕಡೆಗೂ ಹರಡಿದ ಕಾಡು, ತೋಟ, ಹೊಳೆಗಳ ಈ ಸೀಮೆ ಅವರ ಅವಲೋಕನದ ಕ್ಷೇತ್ರವಾಯಿತು. 1943ರ ಕಾದಂಬರಿ 'ಬೆಟ್ಟದ ಜೀವ' ಸುಬ್ರಹ್ಮಣ್ಯದ ಸುತ್ತಲಿನ ಘಟ್ಟದ ಬದುಕನ್ನು ಆಧರಿಸಿದೆ.

ಬಾಲಪ್ರಪಂಚ

ಮದ್ರಾಸ್ ಪ್ರಾಂತ್ಯದ ಪ್ರೌಢಶಾಲೆಗಳಲ್ಲಿ ವಿಜ್ಞಾನ, ಗಣಿತಗಳ ಬೋಧನೆ ಆಗ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ತುಳು, ಕನ್ನಡ, ಅರೆಭಾಷೆ ಆಡುವ ಹಳ್ಳಿಯ ಮಗುವಿಗೆ ವಿಷಯಕ್ಕಿಂತ ಮೊದಲು ಭಾಷೆಯೇ ತೊಡಕಾಗುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ 'ವಿಜ್ಞಾನ' ಮಾಸಪತ್ರಿಕೆ ಆರಂಭಿಸಿದ್ದರೂ ಅದು ಎರಡು ವರ್ಷಗಳಲ್ಲಿ ನಿಂತಿತ್ತು. ಈ ಹಿನ್ನೆಲೆಯಲ್ಲಿ ಕಾರಂತರು ಮಕ್ಕಳಿಗಾಗಿ ಸಚಿತ್ರ ವಿಶ್ವಕೋಶ 'ಬಾಲಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿ ಬರೆದು 1936ರ ವೇಳೆಗೆ ಹೊರತಂದರು. ಪಠ್ಯಪುಸ್ತಕದ ಚೌಕಟ್ಟಿನಾಚೆಗೆ, ಜಗತ್ತಿನ ಬಗ್ಗೆ ಮಗುವಿಗೆ ಇರುವ ಕುತೂಹಲವನ್ನು ತಣಿಸುವುದು ಇದರ ಉದ್ದೇಶವಾಗಿತ್ತು.

ವಿಜ್ಞಾನ ಪ್ರಪಂಚ

1959ರಿಂದ 1964ರ ಅವಧಿಯಲ್ಲಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಪ್ರಕಟವಾದವು. ಸಾಮಾನ್ಯವಾಗಿ ಸಂಪಾದಕ ಮಂಡಳಿಗಳು ಕೈಗೊಳ್ಳುವ ಇಂಥ ಕೆಲಸವನ್ನು ಕಾರಂತರು ಒಬ್ಬರೇ ನಿರ್ವಹಿಸಿದರು. ಕನ್ನಡದಲ್ಲಿ ಪಾರಿಭಾಷಿಕ ಪದಗಳು ಇನ್ನೂ ನೆಲೆಗೊಳ್ಳದಿದ್ದ ಕಾಲದಲ್ಲಿ, ಭಾಷೆ ಮತ್ತು ವಿಷಯ ಎರಡರ ಹೊಣೆಯೂ ಲೇಖಕರ ಮೇಲೆಯೇ ಇತ್ತು. ರೇಚಲ್ ಕಾರ್ಸನ್ ಅವರ ಸಮುದ್ರ ಕುರಿತ ಕೃತಿಯನ್ನು 'ನಮ್ಮ ಸುತ್ತಲಿನ ಕಡಲು' ಎಂಬ ಹೆಸರಿನಲ್ಲಿ ಅವರು ಕನ್ನಡಕ್ಕೆ ತಂದರು.

ಪರಿಸರ ಹೋರಾಟ

ವಿಜ್ಞಾನದ ಓದು ಕಾರಂತರನ್ನು ಸಾರ್ವಜನಿಕ ಪ್ರಶ್ನೆಗಳತ್ತಲೂ ಒಯ್ದಿತು. ಉತ್ತರ ಕನ್ನಡದ ಕೈಗಾ ಅಣುಸ್ಥಾವರವನ್ನು ಅವರು ವಿರೋಧಿಸಿದರು. 1989ರಲ್ಲಿ, 87ನೆಯ ವಯಸ್ಸಿನಲ್ಲಿ, ಕೆನರಾ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ವಿಜ್ಞಾನವನ್ನು ಜನರಿಗೆ ಪರಿಚಯಿಸಿದವರೇ ಅದರ ಬಳಕೆಯನ್ನು ಪ್ರಶ್ನಿಸಿದ್ದು ಅವರ ಬದುಕಿನ ಗಮನಾರ್ಹ ಅಂಶ.

ಗೌರವ ಮತ್ತು ನೆನಪು

'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಲಭಿಸಿತು. 1968ರಲ್ಲಿ ಪಡೆದಿದ್ದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂದಿರುಗಿಸಿದರು. ಪುತ್ತೂರನ್ನು ಬಿಟ್ಟ ಮೇಲೆ ಸಾಲಿಗ್ರಾಮದಲ್ಲಿ ನೆಲೆಸಿದರು. ತೊಂಬತ್ತು ದಾಟಿದ ಮೇಲೂ ಬರೆಯುತ್ತಿದ್ದ ಅವರು ಕೊನೆಯ ವರ್ಷಗಳಲ್ಲಿ ಹಕ್ಕಿಗಳನ್ನು ಕುರಿತು ಪುಸ್ತಕ ರಚಿಸಿದರು. ಮಣಿಪಾಲದಲ್ಲಿ ನಿಧನರಾದರು. ಅವರ ಪುತ್ರ ಕೆ. ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನದಲ್ಲಿ ಹೆಸರಾದ ವನ್ಯಜೀವಿ ವಿಜ್ಞಾನಿ. ಪುತ್ತೂರಿನ ಬಾಲವನವನ್ನು ಕಾರಂತರ ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ.